ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್: ರಚನೆ, ಕಾರ್ಯ ಮತ್ತು ಪೋಷಣೆ
ಚಿನ್ನದ ಗಣಿ – ಬಂಗಾರಪೇಟೆ ವಲಯದ ಯಂತ್ರ ಮಾಲೀಕರಿಗೊಂದು ಅಧ್ಯಯನ ಪಾಠ

ಡೀಸೆಲ್ ಎಂಜಿನ್ನಿನ ಭಾಗಗಳ ಪೈಕಿ ಮಾಲೀಕನ ಕಣ್ಣಿಗೆ ಅತಿ ವಿರಳವಾಗಿ ಬೀಳುವ, ಆದರೆ ಕೆಟ್ಟಾಗ ಅತಿ ಹೆಚ್ಚಿನ ಖರ್ಚನ್ನು ತರುವ ಭಾಗಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುಖ್ಯವಾದುದು. ಟಯರು ಸವೆದರೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ದುರ್ಬಲವಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಲೇ ತಿಳಿಯುತ್ತದೆ. ಕ್ರ್ಯಾಂಕ್‌ಶಾಫ್ಟ್ ಮಾತ್ರ ಎಂಜಿನ್ನಿನ ತಳಭಾಗದಲ್ಲಿ, ಆಯಿಲ್ ತೊಟ್ಟಿಯ ಮೇಲೆ, ಮುಚ್ಚಿದ ಪೆಟ್ಟಿಗೆಯೊಳಗೆ ತಿರುಗುತ್ತಿರುವುದರಿಂದ ಅದರ ಸ್ಥಿತಿಗತಿ ಹೊರಗೆ ತಿಳಿಯುವ ವೇಳೆಗೆ ಹಾನಿ ಬಹುಮಟ್ಟಿಗೆ ಆಗಿಹೋಗಿರುತ್ತದೆ.

ಟಿಪ್ಪರ್, ಲಾರಿ, ಟ್ರ್ಯಾಕ್ಟರ್, ಪವರ್ ಟಿಲ್ಲರ್, ಜನರೇಟರ್ ಮತ್ತು ಕಂಪ್ರೆಸರ್ ಇಟ್ಟುಕೊಂಡು ವ್ಯವಹರಿಸುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಇದನ್ನು ಮೆಕ್ಯಾನಿಕ್ಕಿನ ವಿಷಯವೆಂದು ಬಿಟ್ಟುಬಿಡುವುದು ವಾಡಿಕೆ. ಬಿಲ್ಲು ಪಾವತಿಸುವವರು, ಯಂತ್ರ ನಿಂತ ದಿನಗಳ ನಷ್ಟ ಭರಿಸುವವರು ಮತ್ತು ಬ್ಯಾಂಕಿಗೆ ಕಂತು ಕಟ್ಟುವವರು ಮಾಲೀಕರೇ ಆದುದರಿಂದ ಅವರಿಗೆ ಇದರ ಮೂಲಾಂಶಗಳಾದರೂ ತಿಳಿದಿರುವುದು ಅವಶ್ಯಕ. ಆ ಮೂಲಾಂಶಗಳನ್ನೂ ಅದಕ್ಕೆ ಸಂಬಂಧಿಸಿದ ಲೆಕ್ಕಪತ್ರದ ವಿಚಾರಗಳನ್ನೂ ಒಟ್ಟಿಗೆ ಕೊಡುವುದು ಈ ಲೇಖನದ ಉದ್ದೇಶ.

ಈ ವಲಯಕ್ಕೂ ಕ್ರ್ಯಾಂಕಿಗೂ ಇರುವ ನಂಟು

ಹಿಂದಕ್ಕೂ ಮುಂದಕ್ಕೂ ಆಡುವ ಚಲನೆಯನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ಸಾಧನವೇ ಕ್ರ್ಯಾಂಕ್. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿರುವುದೂ ಇದೇ ತತ್ತ್ವ. ಉಗಿಯಂತ್ರಕ್ಕೆ ಇದನ್ನು ಅಳವಡಿಸುವ ಹಕ್ಕನ್ನು ಇಂಗ್ಲೆಂಡಿನಲ್ಲಿ 1780ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬಾತ ಪೇಟೆಂಟ್ ಮೂಲಕ ಪಡೆದುಕೊಂಡನು. ಈ ಕಾರಣದಿಂದ ಪ್ರಸಿದ್ಧ ಜೇಮ್ಸ್ ವ್ಯಾಟ್ ಕೂಡ 1781ರಲ್ಲಿ ತನ್ನ ಯಂತ್ರಕ್ಕೆ ಬೇರೊಂದು ಹಲ್ಲುಚಕ್ರದ ವ್ಯವಸ್ಥೆಯನ್ನು ರೂಪಿಸಿಕೊಳ್ಳಬೇಕಾಯಿತು. ಒಂದು ಸರಳ ಭಾಗಕ್ಕೆ ಆ ಕಾಲದಲ್ಲಿಯೇ ಎಷ್ಟು ವಾಣಿಜ್ಯ ಮೌಲ್ಯವಿತ್ತೆಂಬುದಕ್ಕೆ ಇದು ನಿದರ್ಶನ.

ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರ ದಶಕದಲ್ಲಿ ಕೆಲಸ ಆರಂಭಿಸಿದಾಗ ಉಗಿಯಂತ್ರಗಳೇ ಆಧಾರವಾಗಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ಜಲವಿದ್ಯುತ್ತನ್ನು ತಂತಿಯ ಮೂಲಕ ಇಲ್ಲಿಗೆ ತಂದ ಮೇಲೆ ಉಗಿಯ ಸ್ಥಾನವನ್ನು ಕ್ರಮೇಣ ವಿದ್ಯುತ್ ಮೋಟಾರುಗಳು ಆಕ್ರಮಿಸಿದವು. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಚಿನ್ನದ ಗಣಿ ಘಟಕದಲ್ಲಿ ಬುಲ್‌ಡೋಜರ್, ಎಕ್ಸ್‌ಕವೇಟರ್ ಮೊದಲಾದ ಭಾರಿ ಯಂತ್ರಗಳು ತಯಾರಾಗುತ್ತವೆ. ಅದರ ಎಂಜಿನ್ ವಿಭಾಗವಿರುವುದು ಮೈಸೂರಿನಲ್ಲಿ. ಪಕ್ಕದ ಮಾಲೂರಿನಲ್ಲಿ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರ್ ಕಾರ್ಖಾನೆಯಿದೆ.

ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದ ತರುವಾಯ ಈ ಭಾಗದ ಸಾವಿರಾರು ಮಂದಿ ಮಾರಿಕುಪ್ಪಂ, ಕೋರಮಂಡಲ್, ಬಂಗಾರಪೇಟೆ ನಿಲ್ದಾಣಗಳಲ್ಲಿ ರೈಲು ಹತ್ತಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಊರಿನಲ್ಲಿಯೇ ಉಳಿದು ಸ್ವಂತ ಉದ್ಯೋಗ ಮಾಡುವವರ ಪೈಕಿ ಅನೇಕರಿಗೆ ಸಾಲದ ಮೇಲೆ ಕೊಂಡ ಒಂದು ವಾಹನ ಅಥವಾ ಯಂತ್ರವೇ ಬಂಡವಾಳ. ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಟೊಮೆಟೊ ಹೊತ್ತ ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ ಸರಕೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ. ಜನರೇಟರ್ ನಿಂತರೆ ಕಾರ್ಖಾನೆಯ ಕೂಲಿಯವರು ಕೈಕಟ್ಟಿ ಕುಳಿತಿರುತ್ತಾರೆ. ಆದ್ದರಿಂದ ಎಂಜಿನ್ನಿನ ಆರೋಗ್ಯವೆಂಬುದು ಇಲ್ಲಿ ಕುಟುಂಬದ ಆದಾಯದ ಪ್ರಶ್ನೆಯೂ ಹೌದು.

ರಚನೆ

ಕ್ರ್ಯಾಂಕ್‌ಶಾಫ್ಟ್ ಒಂದೇ ತುಂಡಿನ ಉಕ್ಕಿನ ದಂಡ. ಭಾರಿ ಎಂಜಿನ್ನುಗಳಲ್ಲಿ ಇದನ್ನು ಕಾಯಿಸಿದ ಉಕ್ಕನ್ನು ಅಚ್ಚಿನಲ್ಲಿ ಬಡಿದು ತಯಾರಿಸುತ್ತಾರೆ. ಹಗುರವಾದ ಕೆಲವು ಎಂಜಿನ್ನುಗಳಲ್ಲಿ ವಿಶೇಷ ಎರಕದ ಕಬ್ಬಿಣವನ್ನು ಬಳಸುವುದುಂಟು. ಇದರ ಮುಖ್ಯ ಅಂಗಗಳು ಹೀಗಿವೆ:

1. ಮೇನ್ ಜರ್ನಲ್: ಎಂಜಿನ್ ಬ್ಲಾಕಿನಲ್ಲಿರುವ ಬೇರಿಂಗುಗಳ ಮೇಲೆ ಕುಳಿತು ತಿರುಗುವ ನಯವಾದ ದುಂಡು ಭಾಗ. ಎಲ್ಲ ಮೇನ್ ಜರ್ನಲ್‌ಗಳೂ ಒಂದೇ ನೇರದಲ್ಲಿರುತ್ತವೆ.

2. ಕ್ರ್ಯಾಂಕ್ ಪಿನ್: ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ಹಿಡಿದುಕೊಳ್ಳುವ ಭಾಗ. ಇದು ಮಧ್ಯರೇಖೆಯಿಂದ ಪಕ್ಕಕ್ಕೆ ಸರಿದಿರುತ್ತದೆ. ಹೀಗೆ ಸರಿದಿರುವ ಅಂತರದ ಎರಡರಷ್ಟು ದೂರವನ್ನು ಪಿಸ್ಟನ್ ಸಿಲಿಂಡರಿನಲ್ಲಿ ಕ್ರಮಿಸುತ್ತದೆ.

3. ವೆಬ್ ಮತ್ತು ಪ್ರತಿತೂಕ: ಜರ್ನಲ್ಲನ್ನೂ ಪಿನ್ನನ್ನೂ ಜೋಡಿಸುವ ತೋಳಿಗೆ ವೆಬ್ ಎಂದು ಹೆಸರು. ಅದರ ಎದುರು ಬದಿಗೆ ಕೊಟ್ಟಿರುವ ಹೆಚ್ಚಿನ ತೂಕವು ಅಲುಗಾಟವನ್ನು ಸರಿದೂಗಿಸುತ್ತದೆ.

4. ಫಿಲೆಟ್: ಜರ್ನಲ್ ಅಥವಾ ಪಿನ್ ವೆಬ್ಬನ್ನು ಸೇರುವ ಮೂಲೆಯಲ್ಲಿ ಕೊಟ್ಟಿರುವ ಚಿಕ್ಕ ದುಂಡು ತಿರುವು. ನೋಡಲು ಅಲ್ಪವಾದರೂ ಶಾಫ್ಟ್ ಮುರಿಯದೆ ಬಾಳುವುದು ಬಹುಮಟ್ಟಿಗೆ ಈ ತಿರುವನ್ನು ಅವಲಂಬಿಸಿದೆ.

5. ಆಯಿಲ್ ರಂಧ್ರಗಳು: ಮೇನ್ ಜರ್ನಲ್ಲಿನಿಂದ ಕ್ರ್ಯಾಂಕ್ ಪಿನ್ನಿಗೆ ಶಾಫ್ಟಿನ ಒಳಗಿನಿಂದಲೇ ಆಯಿಲ್ ಒಯ್ಯುವ ಓರೆಯಾದ ತೂತುಗಳು.

ಶಾಫ್ಟಿನ ಹಿಂತುದಿಗೆ ಫ್ಲೈವೀಲ್ ಕುಳಿತಿರುತ್ತದೆ. ಮುಂತುದಿಯಿಂದ ಗೇರುಗಳು ಮತ್ತು ಬೆಲ್ಟಿನ ಪುಲ್ಲಿ ಚಲಿಸುತ್ತವೆ. ಆರು ಸಿಲಿಂಡರಿನ ಉದ್ದನೆಯ ಶಾಫ್ಟಿನ ಮುಂತುದಿಯಲ್ಲಿ ತಿರುಚುವ ಕಂಪನವನ್ನು ತಡೆಯಲು ಡ್ಯಾಂಪರ್ ಎಂಬ ಭಾಗವೂ ಇರುತ್ತದೆ. ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಒಂದು ಜಾಗದಲ್ಲಿ ಥ್ರಸ್ಟ್ ಬೇರಿಂಗನ್ನು ಕೊಟ್ಟಿರುತ್ತಾರೆ.

ಕಾರ್ಯವಿಧಾನ

ಸಾಮಾನ್ಯ ಡೀಸೆಲ್ ಎಂಜಿನ್ ನಾಲ್ಕು ಹೊಡೆತಗಳದು: ಗಾಳಿ ಎಳೆಯುವುದು, ಒತ್ತುವುದು, ಉರಿದು ಬಲ ಕೊಡುವುದು, ಹೊಗೆ ಹೊರದೂಡುವುದು. ಈ ನಾಲ್ಕೂ ಮುಗಿಯುವಷ್ಟರಲ್ಲಿ ಶಾಫ್ಟ್ ಎರಡು ಸುತ್ತು ತಿರುಗಿರುತ್ತದೆ. ಅಂದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಮಾತ್ರ ಬಲ ಕೊಡುತ್ತದೆ. ಉಳಿದ ಹೊಡೆತಗಳಲ್ಲಿ ಶಾಫ್ಟನ್ನು ತಿರುಗಿಸಿಕೊಂಡು ಹೋಗುವುದು ಫ್ಲೈವೀಲಿನ ವೇಗ ಮತ್ತು ಇತರ ಸಿಲಿಂಡರುಗಳ ಬಲ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಉರಿಯುವಿಕೆ ಸಾಮಾನ್ಯವಾಗಿ 1-3-4-2 ಎಂಬ ಕ್ರಮದಲ್ಲಿಯೂ ಆರು ಸಿಲಿಂಡರಿನದರಲ್ಲಿ 1-5-3-6-2-4 ಎಂಬ ಕ್ರಮದಲ್ಲಿಯೂ ನಡೆಯುತ್ತದೆ. ಹೊಡೆತಗಳು ಶಾಫ್ಟಿನ ಉದ್ದಕ್ಕೂ ಹಂಚಿಹೋಗಲೆಂಬುದೇ ಈ ಕ್ರಮದ ಉದ್ದೇಶ.

ಶಾಫ್ಟಿನ ಮೇಲೆ ಬೀಳುವ ಭಾರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಿಲಿಂಡರಿನ ಒಳವ್ಯಾಸ 100 ಮಿ.ಮೀ. ಇದ್ದರೆ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 78.5 ಚದರ ಸೆಂ.ಮೀ. ಆಗುತ್ತದೆ. ಡೀಸೆಲ್ ಉರಿಯುವಾಗ ಒಳಗಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 100 ಕಿಲೋಗ್ರಾಂ ಎಂದು ಹಿಡಿದರೆ ಪಿಸ್ಟನ್ ಕೆಳಕ್ಕೆ ತಳ್ಳುವ ಬಲ ಸುಮಾರು 8 ಟನ್ನಿಗೆ ಹತ್ತಿರವಾಗುತ್ತದೆ. ಜನರೇಟರ್ ಸೆಟ್ಟಿನ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 1,500 ಸುತ್ತು ತಿರುಗುವುದರಿಂದ ಪ್ರತಿ ಪಿನ್ನಿನ ಮೇಲೂ ಇಂಥ ಪೆಟ್ಟು ನಿಮಿಷಕ್ಕೆ 750 ಬಾರಿ ಬೀಳುತ್ತದೆ. ಎಂಟು ಗಂಟೆಯ ಒಂದು ಪಾಳಿಯಲ್ಲಿ ಶಾಫ್ಟ್ 7,20,000 ಸುತ್ತು ತಿರುಗಿರುತ್ತದೆ.

ಆಯಿಲ್ ಪೊರೆಯ ಮಹತ್ವ

ಇಷ್ಟೊಂದು ಪೆಟ್ಟು ಬಿದ್ದರೂ ಸುಸ್ಥಿತಿಯ ಎಂಜಿನ್ನಿನಲ್ಲಿ ಶಾಫ್ಟಿನ ಉಕ್ಕು ಬೇರಿಂಗಿನ ಲೋಹವನ್ನು ಮುಟ್ಟುವುದಿಲ್ಲ. ಜರ್ನಲ್ಲಿಗೂ ಬೇರಿಂಗಿಗೂ ನಡುವೆ ಸ್ವಲ್ಪ ಸಂದು ಇಟ್ಟಿರುತ್ತಾರೆ. ವ್ಯಾಸದ ಸಾವಿರದಲ್ಲೊಂದು ಭಾಗವೆಂಬುದು ಇದರ ಸ್ಥೂಲ ಲೆಕ್ಕ. 70 ಮಿ.ಮೀ. ಜರ್ನಲ್ಲಿಗೆ ಸುಮಾರು 0.07 ಮಿ.ಮೀ., ಅಂದರೆ ಒಂದು ಕೂದಲೆಳೆಯಷ್ಟು. ಪಂಪು ಈ ಸಂದಿಗೆ ಆಯಿಲ್ ತುಂಬುತ್ತದೆ. ಶಾಫ್ಟ್ ತಿರುಗುವಾಗ ಆ ಆಯಿಲನ್ನು ತನ್ನ ಅಡಿಗೆ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ವೇಗವಾಗಿ ಓಡುವ ವಾಹನದ ಚಕ್ರವು ರಸ್ತೆಯ ನೀರಿನ ಮೇಲೆ ಏರಿ ಜಾರುವುದೂ ಇದೇ ತತ್ತ್ವದಿಂದ.

ಭಾರ ಹೆಚ್ಚಿರುವ ಕಡೆ ಈ ಪೊರೆಯ ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಈ ಪೊರೆಯನ್ನು ಕೆಡಿಸುವ ಪ್ರಸಂಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಆಯಿಲಿನ ಮಟ್ಟ ಅಥವಾ ಒತ್ತಡ ಕುಗ್ಗುವುದು. ಎರಡನೆಯದು, ಆಯಿಲಿನಲ್ಲಿ ಡೀಸೆಲ್ ಅಥವಾ ರೇಡಿಯೇಟರ್ ನೀರು ಸೇರಿ ಅದು ತೆಳುವಾಗುವುದು. ಮೂರನೆಯದು, ಗಟ್ಟಿ ಕಣಗಳು ಸೇರುವುದು. ನಾಲ್ಕನೆಯದು, ಸ್ಟಾರ್ಟ್ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ ಆಯಿಲ್ ಮೇಲೇರುವ ಮೊದಲೇ ವೇಗವನ್ನೂ ಭಾರವನ್ನೂ ಕೊಡುವುದು.

ಇಲ್ಲಿನ ಧೂಳು

ಮೂರನೆಯ ಪ್ರಸಂಗಕ್ಕೆ ಈ ವಲಯದಲ್ಲಿ ವಿಶೇಷ ಗಮನ ಅಗತ್ಯ. ಚಿನ್ನದ ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕಿದ ದಿಬ್ಬಗಳು ಇಲ್ಲಿನವರಿಗೆಲ್ಲ ಪರಿಚಿತ. ಜನರ ಬಾಯಲ್ಲಿ ಇವು ಸಯನೈಡ್ ದಿಬ್ಬಗಳು. ಗಾಳಿಯ ದಿನಗಳಲ್ಲಿ ಈ ಪುಡಿ ಊರಿನ ಮೇಲೆಲ್ಲ ಹರಡುತ್ತದೆ. ಅದಿರು ಬೆಣಚುಕಲ್ಲಿನದಾದ್ದರಿಂದ ಈ ಪುಡಿಯಲ್ಲಿ ಸಿಲಿಕಾ ಧಾರಾಳವಾಗಿದೆ. ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ತಿಂದುಹಾಕಿದ ವಸ್ತುವೂ ಇದೇ ಸಿಲಿಕಾ. ಇದರ ಜೊತೆಗೆ ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಮತ್ತು ಮಣ್ಣು ರಸ್ತೆಗಳ ಧೂಳೂ ಸೇರುತ್ತದೆ.

ಬೆಣಚಿನ ಕಣ ಗಡಸುಗೊಳಿಸಿದ ಉಕ್ಕನ್ನೂ ಗೀರಬಲ್ಲದು. ಏರ್ ಫಿಲ್ಟರಿನ ರಬ್ಬರ್ ಸೀಲು ಸಡಿಲವಾಗಿದ್ದರೆ ಅಥವಾ ಏರ್ ಪೈಪಿನ ಕ್ಲಿಪ್ಪು ಬಿಗಿಯಿಲ್ಲದಿದ್ದರೆ ಈ ಪುಡಿ ಸಿಲಿಂಡರಿಗೆ ನುಗ್ಗಿ, ಪಿಸ್ಟನ್ ರಿಂಗುಗಳ ಮೂಲಕ ಆಯಿಲಿಗೆ ಇಳಿಯುತ್ತದೆ. ಬೇರಿಂಗಿನ ಮೇಲ್ಪದರ ಮೃದುವಾಗಿರುವುದರಿಂದ ಕೆಲವು ಕಣಗಳು ಅದರಲ್ಲಿ ಹುದುಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಬೇರಿಂಗೇ ಅರದಂತೆ ವರ್ತಿಸಿ ತಿರುಗುವ ಜರ್ನಲ್ಲನ್ನು ಉಜ್ಜುತ್ತಾ ಹೋಗುತ್ತದೆ. ಹೀಗೆ ಎಂಜಿನ್ನಿನ ಮೇಲ್ಭಾಗದ ಒಂದು ಸಡಿಲ ಕ್ಲಿಪ್ಪಿನ ಪರಿಣಾಮ ತಳಭಾಗದ ಶಾಫ್ಟಿಗೆ ತಟ್ಟುತ್ತದೆ. ಫಿಲ್ಟರನ್ನು ನೆಲಕ್ಕೆ ಬಡಿದು ಧೂಳು ಉದುರಿಸುವ ಪದ್ಧತಿ ಅನೇಕ ಕಡೆ ಇದೆ. ಇದರಿಂದ ಕಾಗದದ ಮಡಿಕೆ ಹರಿಯುವ ಹಾಗೂ ಅಂಚಿನ ಸೀಲು ಸೊಟ್ಟಗಾಗುವ ಸಂಭವವಿರುವುದರಿಂದ ಇದನ್ನು ಕೈಬಿಡುವುದು ಒಳಿತು.

ಸವೆತದ ಮುನ್ಸೂಚನೆಗಳು

1. ಎಂಜಿನ್ ಬಿಸಿಯಾದ ಮೇಲೆ ಆಯಿಲಿನ ಒತ್ತಡ ಹಿಂದಿನ ತಿಂಗಳುಗಳಿಗಿಂತ ಇಳಿಯುತ್ತಾ ಬರುವುದು. ಸಂದು ಹೆಚ್ಚಾದಂತೆ ಆಯಿಲ್ ಪಕ್ಕಕ್ಕೆ ಸೋರಿ ಒತ್ತಡ ನಿಲ್ಲುವುದಿಲ್ಲ.

2. ಭಾರ ಬಿದ್ದಾಗ ತಳಭಾಗದಿಂದ ದಪ್ಪನೆಯ ಬಡಿತದ ಸದ್ದು. ಒಂದು ಸಿಲಿಂಡರಿನ ಇಂಧನವನ್ನು ತಡೆದಾಗ ಸದ್ದು ಕಡಿಮೆಯಾದರೆ ಆ ಸಿಲಿಂಡರಿನ ಪಿನ್ ಬೇರಿಂಗಿನ ಮೇಲೆ ಅನುಮಾನ ಪಡಬೇಕು.

3. ಬದಲಿಸಿದ ಆಯಿಲ್ ಫಿಲ್ಟರನ್ನು ಕತ್ತರಿಸಿ ನೋಡಿದಾಗ ಹೊಳೆಯುವ ಲೋಹದ ಚೂರುಗಳು ಕಾಣುವುದು.

4. ಆಯಿಲ್ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಡಿಪ್ ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಇಂಧನ ಸೋರಿದೆ.

5. ಕ್ಲಚ್ ತುಳಿದಾಗ ಪುಲ್ಲಿ ಹಿಂದೆ ಮುಂದೆ ಸರಿಯುವುದು. ಇದು ಥ್ರಸ್ಟ್ ಬೇರಿಂಗ್ ಸವೆದುದರ ಗುರುತು.

ಹೆಚ್ಚು ಯಂತ್ರಗಳುಳ್ಳವರು ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ಲಾಭದಾಯಕ. ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಧೂಳು ಒಳಹೋಗಿದೆ ಎಂದೂ, ಸೀಸ, ತಾಮ್ರ, ತವರ ಏರಿದ್ದರೆ ಬೇರಿಂಗ್ ಸವೆಯುತ್ತಿದೆ ಎಂದೂ, ಕಬ್ಬಿಣ ಏರಿದ್ದರೆ ಶಾಫ್ಟ್, ಲೈನರ್ ಅಥವಾ ಗೇರು ಸವೆಯುತ್ತಿದೆ ಎಂದೂ ಊಹಿಸಬಹುದು. ಒಂದು ವರದಿಗಿಂತ ಸತತವಾದ ಮೂರು ನಾಲ್ಕು ವರದಿಗಳ ಹೋಲಿಕೆಯೇ ಹೆಚ್ಚು ನಂಬಲರ್ಹ.

ಅಳತೆ ಮತ್ತು ಗ್ರೈಂಡಿಂಗ್: ಮಿತವಾದ ಮೆಟ್ಟಿಲುಗಳು

ಬಿಚ್ಚಿದ ಶಾಫ್ಟನ್ನು ತೊಳೆದು ಮೈಕ್ರೋಮೀಟರಿನಿಂದ ಅಳೆಯಬೇಕು. ಪ್ರತಿ ಜರ್ನಲ್ಲನ್ನೂ ಪಿನ್ನನ್ನೂ ಎರಡು ತುದಿಗಳಲ್ಲಿ, ಪ್ರತಿ ತುದಿಯಲ್ಲಿಯೂ ಪರಸ್ಪರ ಅಡ್ಡವಾಗಿ ಎರಡು ದಿಕ್ಕಿನಲ್ಲಿ, ಹೀಗೆ ನಾಲ್ಕು ಅಳತೆ ತೆಗೆಯತಕ್ಕದ್ದು. ಒಂದೇ ತುದಿಯ ಎರಡು ಅಳತೆಗಳ ವ್ಯತ್ಯಾಸ ಅಂಡಾಕಾರದ ಸವೆತವನ್ನೂ, ಎರಡು ತುದಿಗಳ ವ್ಯತ್ಯಾಸ ಓರೆ ಸವೆತವನ್ನೂ ತೋರಿಸುತ್ತದೆ. ಶಾಫ್ಟನ್ನು ವಿ-ಬ್ಲಾಕುಗಳ ಮೇಲಿಟ್ಟು ಮಧ್ಯದಲ್ಲಿ ಡಯಲ್ ಗೇಜ್ ಹಿಡಿದು ತಿರುಗಿಸಿದರೆ ಬಾಗು ತಿಳಿಯುತ್ತದೆ. ಗೇಜು ತೋರಿಸುವ ಒಟ್ಟು ಅಂಕಿಯ ಅರ್ಧವೇ ನಿಜವಾದ ಬಾಗು. ಫಿಲೆಟ್ಟಿನ ಬಿರುಕು ಬರಿಗಣ್ಣಿಗೆ ಕಾಣದಿರುವುದರಿಂದ ಅಯಸ್ಕಾಂತೀಯ ಪುಡಿಯ ಪರೀಕ್ಷೆ ಮಾಡಿಸಬೇಕು. ಬಿರುಕುಳ್ಳ ಶಾಫ್ಟನ್ನು ಗ್ರೈಂಡ್ ಮಾಡಿಸುವುದು ಹಣವನ್ನು ನೀರಿಗೆ ಹಾಕಿದಂತೆ.

ಸವೆತ ತಯಾರಕರು ನಿಗದಿಪಡಿಸಿದ ಮಿತಿಯನ್ನು ಮೀರಿದ್ದರೆ ಶಾಫ್ಟನ್ನು ಗ್ರೈಂಡ್ ಮಾಡಿ ಅಷ್ಟೇ ದಪ್ಪ ಹೆಚ್ಚಿರುವ ಬೇರಿಂಗನ್ನು ಹಾಕುತ್ತಾರೆ. ಮಾರುಕಟ್ಟೆಯಲ್ಲಿ ಬೇರಿಂಗುಗಳು ಸಾಮಾನ್ಯವಾಗಿ 0.25, 0.50, 0.75 ಮತ್ತು 1.00 ಮಿ.ಮೀ. ಎಂಬ ಅಂಡರ್‌ಸೈಜುಗಳಲ್ಲಿ ದೊರೆಯುತ್ತವೆ. ಕೆಲವು ತಯಾರಕರು ಎರಡೇ ಮೆಟ್ಟಿಲಿಗೆ ಅನುಮತಿ ಕೊಡುತ್ತಾರೆ. ಕೆಲವು ಎಂಜಿನ್ನುಗಳಲ್ಲಿ ಗ್ರೈಂಡಿಂಗಿಗೆ ಅವಕಾಶವೇ ಇರುವುದಿಲ್ಲ. ಮ್ಯಾನುಯಲ್ಲನ್ನು ನೋಡದೆ ತೀರ್ಮಾನಿಸಬಾರದು.

ಮಾಲೀಕರು ಮನದಟ್ಟು ಮಾಡಿಕೊಳ್ಳಬೇಕಾದ ಮುಖ್ಯಾಂಶ ಇದು: ಶಾಫ್ಟಿನಲ್ಲಿರುವ ಈ ಮೆಟ್ಟಿಲುಗಳು ಮಿತವಾದ ಬಂಡವಾಳ. ಪ್ರತಿ ಗ್ರೈಂಡಿಂಗಿಗೂ ಒಂದು ಮೆಟ್ಟಿಲು ಖರ್ಚಾಗುತ್ತದೆ, ಮತ್ತೆ ಅದು ಬರುವುದಿಲ್ಲ. ಒಂದು ಉದಾಹರಣೆಯನ್ನು ನೋಡಬಹುದು. 70.00 ಮಿ.ಮೀ. ಪಿನ್ನಿನ ಮೇಲೆ 0.10 ಮಿ.ಮೀ. ಆಳದ ಗೀರು ಬಿದ್ದಿದೆ ಎಂದುಕೊಳ್ಳೋಣ. ಸುತ್ತಲೂ ಅಷ್ಟು ತೆಗೆಯಬೇಕಾದ್ದರಿಂದ ವ್ಯಾಸದಲ್ಲಿ 0.20 ಮಿ.ಮೀ. ಹೋಗುತ್ತದೆ. ಮೊದಲನೆಯ ಮೆಟ್ಟಿಲು, ಅಂದರೆ 69.75 ಮಿ.ಮೀ., ಸಾಕಾಗುತ್ತದೆ. ಬಡಿತದ ಸದ್ದು ಕೇಳಿಸಿದ ಮೇಲೂ ಹಂಗಾಮು ಮುಗಿಯಲೆಂದು ಓಡಿಸಿ ಗೀರು 0.15 ಮಿ.ಮೀ. ಆಳಕ್ಕೆ ಇಳಿದರೆ ವ್ಯಾಸದಲ್ಲಿ 0.30 ಮಿ.ಮೀ. ತೆಗೆಯಬೇಕಾಗಿ ಬಂದು, ನೇರವಾಗಿ 69.50 ಮಿ.ಮೀ.ಗೆ ಇಳಿಯಬೇಕಾಗುತ್ತದೆ. ಕೂದಲೆಳೆಗಿಂತ ಕಡಿಮೆಯ ಆ ಹೆಚ್ಚುವರಿ ಗೀರು ಶಾಫ್ಟಿನ ಒಂದು ಇಡೀ ಜೀವಿತಾವಧಿಯನ್ನು ನುಂಗಿರುತ್ತದೆ.

ಹಳೆಯ ಟಿಪ್ಪರ್ ಅಥವಾ ಜನರೇಟರ್ ಕೊಳ್ಳುವವರು ಕ್ರ್ಯಾಂಕ್ ಯಾವ ಸೈಜಿನಲ್ಲಿದೆ ಎಂದು ಕೇಳಲೇಬೇಕು. ಬೇರಿಂಗ್ ಶೆಲ್ಲಿನ ಹಿಂಬದಿಯಲ್ಲಿ ಸೈಜು ಅಚ್ಚಾಗಿರುತ್ತದೆ. ಹಿಂದಿನ ರಿಪೇರಿ ಬಿಲ್ಲಿನಲ್ಲಿಯೂ ನಮೂದಾಗಿರಬೇಕು. ಹೊರಗೆ ಹೊಸ ಬಣ್ಣ ಬಳಿದು ಹೊಳೆಯುತ್ತಿರುವ ಎಂಜಿನ್ನಿನೊಳಗೆ ಕೊನೆಯ ಮೆಟ್ಟಿಲಿನ ಶಾಫ್ಟ್ ಇದ್ದರೆ ಮುಂದಿನ ಬಾರಿ ಹೊಸ ಶಾಫ್ಟಿನ ಖರ್ಚು ಕಾದಿದೆ ಎಂದರ್ಥ. ಕೊಳ್ಳುವ ಬೆಲೆಯಲ್ಲಿ ಅದನ್ನು ಕಳೆದೇ ಮಾತಾಡಬೇಕು.

ಗ್ರೈಂಡಿಂಗ್ ಅಂಗಡಿಗೆ ಕೆಲಸ ಕೊಡುವಾಗ ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲಿ ತಿಳಿಸುವುದು ಉತ್ತಮ:

(ಅ) ಗ್ರೈಂಡಿಂಗಿಗೆ ಮೊದಲು ಮತ್ತು ನಂತರದ ಅಳತೆಗಳ ಪಟ್ಟಿ ಕೊಡಬೇಕು.

(ಆ) ಫಿಲೆಟ್ಟಿನ ದುಂಡು ತಿರುವನ್ನು ಮೂಲ ಅಳತೆಗೆ ಉಳಿಸಬೇಕು. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ.

(ಇ) ಆಯಿಲ್ ರಂಧ್ರಗಳ ಬಾಯಿಯನ್ನು ನಯಗೊಳಿಸಿ, ಪ್ಲಗ್ಗುಗಳನ್ನು ತೆಗೆದು ಒಳಗಿನ ಪುಡಿಯನ್ನು ಸಂಪೂರ್ಣ ತೊಳೆಯಬೇಕು. ಗ್ರೈಂಡಿಂಗಿನ ಪುಡಿ ಒಳಗೆ ಉಳಿದರೆ ಹೊಸ ಬೇರಿಂಗು ಬಹುಬೇಗ ಹಾಳಾಗುತ್ತದೆ.

(ಈ) ನೈಟ್ರೈಡಿಂಗ್ ಪದ್ಧತಿಯಿಂದ ಗಡಸುಗೊಳಿಸಿದ ಶಾಫ್ಟಿನಲ್ಲಿ ಗಡಸು ಪದರ ಬಹಳ ತೆಳು. ಗ್ರೈಂಡಿಂಗಿನ ಬಳಿಕ ಅದನ್ನು ಮರಳಿ ಗಡಸುಗೊಳಿಸಬೇಕಾಗಬಹುದು.

ಮರುಜೋಡಣೆಯಲ್ಲಿ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ನಿಗದಿತ ಬಿಗಿಗೆ ತರಬೇಕು. ಅಂದಾಜಿನ ಬಿಗಿ ಸಲ್ಲದು. ಬೇರಿಂಗ್ ಶೆಲ್ಲಿನ ಹಿಂಬದಿಗೆ ಕಾಗದ ಅಥವಾ ತಗಡು ಇಟ್ಟು ಬಿಗಿ ಮಾಡುವ ಹಳೆಯ ಉಪಾಯದಿಂದ ಶಾಖ ಹೊರಹೋಗಲು ಅಡ್ಡಿಯಾಗಿ ಶೆಲ್ಲು ಕರಗುತ್ತದೆ. ಜನರೇಟರ್ ಮತ್ತು ಪಂಪುಗಳಲ್ಲಿ ಎಂಜಿನ್ ಹಾಗೂ ಆಲ್ಟರ್ನೇಟರ್ ಅಥವಾ ಪಂಪಿನ ಶಾಫ್ಟುಗಳು ಒಂದೇ ನೇರದಲ್ಲಿವೆಯೇ ಎಂದು ಪರೀಕ್ಷಿಸಬೇಕು. ನೇರ ತಪ್ಪಿದ ಕಪ್ಲಿಂಗು ಕ್ರ್ಯಾಂಕನ್ನು ಪ್ರತಿ ಸುತ್ತಿನಲ್ಲಿಯೂ ಬಗ್ಗಿಸುತ್ತದೆ. ಬಿಡಿಯಾಗಿ ದಾಸ್ತಾನು ಇಡುವ ಶಾಫ್ಟಿಗೆ ತುಕ್ಕುನಿರೋಧಕ ಆಯಿಲ್ ಸವರಿ, ಬೀಳದಂತೆ ಭದ್ರಪಡಿಸಿ ನೆಟ್ಟಗೆ ನಿಲ್ಲಿಸಬೇಕು.

ದೈನಂದಿನ ಮತ್ತು ನಿಯತಕಾಲಿಕ ಪೋಷಣೆ

ಪ್ರತಿದಿನ: ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಮತ್ತು ನೀರಿನ ಮಟ್ಟ ನೋಡುವುದು. ಸ್ಟಾರ್ಟಾದ ಮೇಲೆ ಒತ್ತಡದ ದೀಪ ಆರುವವರೆಗೂ ವೇಗ ಕೊಡದಿರುವುದು, ನಂತರ ಕೆಲವು ನಿಮಿಷ ಹಗುರವಾಗಿ ಓಡಿಸಿ ಆಮೇಲೆ ಭಾರ ಹಾಕುವುದು. ಟರ್ಬೋ ಉಳ್ಳ ಎಂಜಿನ್ನನ್ನು ನಿಲ್ಲಿಸುವ ಮೊದಲು ಮೂರು ನಾಲ್ಕು ನಿಮಿಷ ಭಾರವಿಲ್ಲದೆ ಓಡಿಸುವುದು.

ಪ್ರತಿವಾರ: ಏರ್ ಫಿಲ್ಟರಿನ ಸೂಚಕ, ಪೈಪು ಮತ್ತು ಕ್ಲಿಪ್ಪುಗಳ ಪರೀಕ್ಷೆ. ಕ್ವಾರಿ ಹಾಗೂ ದಿಬ್ಬಗಳ ಸಮೀಪ ಕೆಲಸ ಮಾಡುವ ಯಂತ್ರಗಳಿಗೆ ಇದನ್ನು ದಿನವೂ ಮಾಡಬೇಕು.

ನಿಗದಿತ ಗಂಟೆಗೆ: ಆಯಿಲ್ ಮತ್ತು ಆಯಿಲ್ ಫಿಲ್ಟರನ್ನು ಒಟ್ಟಿಗೇ ಬದಲಿಸುವುದು. ಅನೇಕ ಎಂಜಿನ್ನುಗಳಿಗೆ 250 ಗಂಟೆ ರೂಢಿಯಲ್ಲಿದ್ದರೂ ಮ್ಯಾನುಯಲ್ಲಿನ ಅಂಕಿಯೇ ಪ್ರಮಾಣ. ಧೂಳಿನ ಕೆಲಸಕ್ಕೆ ಅದನ್ನೂ ಕಡಿಮೆ ಮಾಡಬೇಕಾಗುತ್ತದೆ. ಹೊಸ ಆಯಿಲನ್ನು ಹಳೆಯ ಫಿಲ್ಟರಿನ ಮೂಲಕ ಹಾಯಿಸುವುದು ಸಲ್ಲದು. ಆಯಿಲನ್ನೂ ಬೇರಿಂಗನ್ನೂ ಅಧಿಕೃತ ಮಾರಾಟಗಾರರಿಂದಲೇ ಬಿಲ್ಲಿನೊಂದಿಗೆ ಕೊಳ್ಳಬೇಕು.

ಚಾಲಕರ ಅಭ್ಯಾಸ: ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಂಜಿನ್ನನ್ನು ಉಸಿರುಗಟ್ಟಿಸಿ ಎಳೆಸುವುದರಿಂದ ವೇಗ ಕುಗ್ಗಿ ಆಯಿಲ್ ಪೊರೆ ತೆಳುವಾಗುತ್ತದೆ. ಭಾರವೇನೋ ಪೂರ್ತಿ ಇರುತ್ತದೆ. ಗೇರು ಇಳಿಸುವ ಅಭ್ಯಾಸವನ್ನು ಚಾಲಕರಿಗೆ ಕಲಿಸಬೇಕು.

ವೆಚ್ಚದ ಲೆಕ್ಕ

ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಎಷ್ಟು ಉಳಿಯುತ್ತದೆ, ಎಷ್ಟು ಹೋಗುತ್ತದೆ ಎಂಬುದನ್ನು ಅಂಕಿಗಳಲ್ಲಿ ನೋಡುವುದು ಉಪಯುಕ್ತ. ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ಓದುಗರು ತಮ್ಮ ಬಿಲ್ಲುಗಳ ಅಂಕಿಗಳನ್ನು ಹಾಕಿಕೊಳ್ಳಬೇಕು.

ವರ್ಷಕ್ಕೆ ಎಂಜಿನ್ ಓಡುವುದು: 1,500 ಗಂಟೆ
ಒಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸುವ ಖರ್ಚು: ರೂ. 4,500
250 ಗಂಟೆಗೊಮ್ಮೆ ಬದಲಿಸಿದರೆ ವರ್ಷಕ್ಕೆ 6 ಬಾರಿ: ರೂ. 27,000
500 ಗಂಟೆಗೊಮ್ಮೆ ಬದಲಿಸಿದರೆ ವರ್ಷಕ್ಕೆ 3 ಬಾರಿ: ರೂ. 13,500
ಮುಂದೂಡಿದ್ದರಿಂದ ವಾರ್ಷಿಕ ಉಳಿತಾಯ: ರೂ. 13,500

ಗ್ರೈಂಡಿಂಗ್, ಬೇರಿಂಗ್, ಗ್ಯಾಸ್ಕೆಟ್ ಮತ್ತು ಕೂಲಿ: ರೂ. 60,000
ಯಂತ್ರ ನಿಂತ 8 ದಿನಗಳ ನಷ್ಟ, ದಿನಕ್ಕೆ ರೂ. 6,000ದಂತೆ: ರೂ. 48,000
ಒಂದು ಬಾರಿಯ ಒಟ್ಟು ಹೊರೆ: ರೂ. 1,08,000

1,08,000ವನ್ನು 13,500ರಿಂದ ಭಾಗಿಸಿದರೆ 8 ಬರುತ್ತದೆ. ಅಂದರೆ ಎಂಟು ವರ್ಷ ಸತತವಾಗಿ ಮಾಡಿದ ಉಳಿತಾಯವನ್ನು ಒಂದೇ ಒಂದು ಅಕಾಲಿಕ ಗ್ರೈಂಡಿಂಗ್ ತಿಂದುಹಾಕುತ್ತದೆ. ಖರ್ಚಾದ ಮೆಟ್ಟಿಲಿನ ಬೆಲೆಯನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಯಂತ್ರ ನಿಂತ ದಿನಗಳ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣದಿರುವುದರಿಂದ ಹಲವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಂದೂಡಿದ್ದು ಲಾಭವೆಂಬ ಭ್ರಮೆಗೆ ಇದೇ ಕಾರಣ.

ಲೆಕ್ಕಪುಸ್ತಕ, ತೆರಿಗೆ ಮತ್ತು ವಿಮೆ

ಗ್ರೈಂಡಿಂಗ್, ಬೇರಿಂಗ್ ಬದಲಾವಣೆ ಮೊದಲಾದವು ಇರುವ ಯಂತ್ರವನ್ನು ಇದ್ದ ಸ್ಥಿತಿಗೆ ತರುವ ವೆಚ್ಚಗಳಾದುದರಿಂದ ಸಾಮಾನ್ಯವಾಗಿ ರಿಪೇರಿ ಖಾತೆಗೆ ಸೇರುತ್ತವೆ. ಇರುವ ಆಸ್ತಿಯನ್ನು ಸಂರಕ್ಷಿಸುವ ವೆಚ್ಚವೇ ಚಾಲ್ತಿ ರಿಪೇರಿ, ಹೊಸ ಆಸ್ತಿಯನ್ನು ತರುವ ವೆಚ್ಚ ಅದಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಸರವಣ ಸ್ಪಿನ್ನಿಂಗ್ ಮಿಲ್ಸ್ ಮೊಕದ್ದಮೆಯಲ್ಲಿ 2007ರಲ್ಲಿ ಸ್ಪಷ್ಟಪಡಿಸಿದೆ. ಇಡೀ ಎಂಜಿನ್ನನ್ನೇ ಬದಲಿಸಿ ಸಾಮರ್ಥ್ಯ ಹೆಚ್ಚಿಸಿಕೊಂಡ ಸಂದರ್ಭದಲ್ಲಿ ವೆಚ್ಚವು ಬಂಡವಾಳದ ಸ್ವರೂಪದ್ದಾಗಬಹುದು. ಇಂಥಲ್ಲಿ ಬಿಲ್ಲು ಮಾಡಿಸುವ ಮೊದಲೇ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಲೇಸು.

ನಗದು ಕೊಟ್ಟು ಬಿಳಿ ಚೀಟಿಯ ಮೇಲೆ ಕೆಲಸ ಮಾಡಿಸುವುದರಿಂದ ಮೂರು ನಷ್ಟಗಳಿವೆ. ಮೊದಲನೆಯದಾಗಿ, ಅರ್ಹರಿರುವವರಿಗೂ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಎರಡನೆಯದಾಗಿ, ಆದಾಯ ತೆರಿಗೆಯಲ್ಲಿ ವೆಚ್ಚವನ್ನು ಸಮರ್ಥಿಸುವುದು ಕಷ್ಟವಾಗುತ್ತದೆ. ಮೂರನೆಯದಾಗಿ, ಕೆಲಸ ಕೆಟ್ಟರೆ ಕೇಳಲು ಆಧಾರವಿರುವುದಿಲ್ಲ.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳವಿದೆ. ಸಾಮಾನ್ಯ ವಾಹನ ವಿಮೆಯು ಸವೆತವನ್ನಾಗಲಿ ಯಾಂತ್ರಿಕ ಕೆಡುಕನ್ನಾಗಲಿ ಭರಿಸುವುದಿಲ್ಲ. ಅಗ್ನಿ ವಿಮೆಯೂ ಜನರೇಟರಿನ ಒಳಗಿನ ಕೆಡುಕಿಗೆ ಅನ್ವಯಿಸದು. ಸ್ಥಿರ ಯಂತ್ರಗಳಿಗೆ ಪ್ರತ್ಯೇಕವಾದ ಮಷಿನರಿ ಬ್ರೇಕ್‌ಡೌನ್ ಪಾಲಿಸಿ ಇದೆ. ಅದು ಆಕಸ್ಮಿಕ ಕೆಡುಕಿಗೆ ಪರಿಹಾರ ಕೊಡುತ್ತದೆಯೇ ಹೊರತು ಕ್ರಮೇಣದ ಸವೆತಕ್ಕಲ್ಲ. ಹೀಗಾಗಿ ಶಾಫ್ಟಿನ ಸವೆತದ ಹೊರೆ ಕೊನೆಗೂ ಮಾಲೀಕರದೇ.

ಈ ಎಲ್ಲಕ್ಕೂ ಆಧಾರವಾಗಿ ಪ್ರತಿ ಎಂಜಿನ್ನಿಗೆ ಒಂದು ದಾಖಲೆ ಪುಸ್ತಕ ಇಡುವುದು ಸೂಕ್ತ. ಎಂಜಿನ್ ನಂಬರು, ಓಡಿದ ಗಂಟೆ ಅಥವಾ ಕಿಲೋಮೀಟರು, ಆಯಿಲ್ ಬದಲಿಸಿದ ದಿನಾಂಕ, ಬಿಸಿ ಎಂಜಿನ್ನಿನ ಆಯಿಲ್ ಒತ್ತಡ, ಜರ್ನಲ್ ಮತ್ತು ಪಿನ್ನುಗಳ ಈಗಿನ ಸೈಜು, ಉಳಿದಿರುವ ಮೆಟ್ಟಿಲುಗಳು, ಬಿಲ್ಲಿನ ಸಂಖ್ಯೆ: ಇಷ್ಟು ಅಂಕಣಗಳು ಸಾಕು. ಯಂತ್ರ ಮಾರುವಾಗ ಈ ಪುಸ್ತಕ ಬೆಲೆಯನ್ನು ಹೆಚ್ಚಿಸುತ್ತದೆ, ಕೊಳ್ಳುವಾಗ ಮೋಸವನ್ನು ತಪ್ಪಿಸುತ್ತದೆ.

ಉಪಸಂಹಾರ

ಕ್ರ್ಯಾಂಕ್‌ಶಾಫ್ಟಿನ ಆಯುಷ್ಯ ಓಡಿದ ವರ್ಷಗಳಿಗಿಂತ ಹೆಚ್ಚಾಗಿ ಆಯಿಲಿನ ಶುದ್ಧಿಯನ್ನೂ ಗಾಳಿಯ ಶುದ್ಧಿಯನ್ನೂ ಅವಲಂಬಿಸಿದೆ. ಧೂಳನ್ನು ತಡೆಯುವುದು, ಆಯಿಲನ್ನು ಕಾಲಕ್ಕೆ ಬದಲಿಸುವುದು, ಒತ್ತಡ ಇಳಿದ ಅಥವಾ ಸದ್ದು ಬಂದ ದಿನವೇ ಎಂಜಿನ್ ನಿಲ್ಲಿಸುವುದು, ಅಳತೆಯಿಲ್ಲದೆ ಗ್ರೈಂಡಿಂಗ್ ಮಾಡಿಸದಿರುವುದು, ಆದದ್ದೆಲ್ಲವನ್ನೂ ಬರೆದಿಡುವುದು: ಈ ಐದು ನಿಯಮಗಳನ್ನು ಪಾಲಿಸಿದವರ ಶಾಫ್ಟಿನ ಮೆಟ್ಟಿಲುಗಳು ಬಹುಕಾಲ ಉಳಿಯುತ್ತವೆ. ಮುಂದಿನ ಆಯಿಲ್ ಬದಲಾವಣೆಯ ದಿನದಂದೇ ಮಾಲೀಕರು ತಮ್ಮ ಎಂಜಿನ್ನಿನ ಈಗಿನ ಸೈಜನ್ನು ಹಳೆಯ ಬಿಲ್ಲುಗಳಿಂದ ಪತ್ತೆ ಹಚ್ಚಿ ದಾಖಲೆ ಪುಸ್ತಕದ ಮೊದಲನೆಯ ಸಾಲನ್ನು ಬರೆಯುವುದು ಅಪೇಕ್ಷಣೀಯ.